ಅಂಟಿಸುವ ಮುನ್ನ: ಕೊಲಾಜ್ ಪುಟಗಳ ಬಗ್ಗೆ ಓದುಗರ ಪ್ರಶ್ನೆಗಳು

ಹೋದ ಸಂಚಿಕೆಯಲ್ಲಿ ಆರ್ಟ್ ಜರ್ನಲ್ ಬಗ್ಗೆ ಬರೆದಿದ್ದೆ. ಬಣ್ಣ, ಬರಹ, ಅಂಟಿಸಿದ ಕಾಗದದ ಚೂರು ಎಲ್ಲವೂ ಒಂದೇ ಪುಟದಲ್ಲಿ ಸೇರುವ ಚಿತ್ರದ ದಿನಚರಿ ಅದು, ಯಾರಿಗೂ ತೋರಿಸಲೇಬೇಕೆಂದಿಲ್ಲ ಎಂದಿದ್ದೆ. ಬಂದ ಪತ್ರಗಳಲ್ಲಿ ಬಹುಪಾಲು ಕೊಲಾಜ್, ಅಂದರೆ ಚೂರುಗಳನ್ನು ಅಂಟಿಸಿ ಚಿತ್ರ ಮಾಡುವುದರ ಕುರಿತೇ ಇವೆ. ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದವಳು. ನಮ್ಮಪ್ಪ ಮೈಸೂರಿನಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದರು. ಕಾಗದ, ಗೋಂದು ಅಂದರೆ ನನ್ನ ಉತ್ತರ ಉದ್ದವಾಗುತ್ತದೆ, ಸಾವಧಾನವಾಗಿ ಓದಿ.

ಟೀಚರ್, ನಮ್ಮ ತಂದೆ ಮುಂಬೈಯಲ್ಲಿ ಹೋಟೆಲ್ ಕೆಲಸದಲ್ಲಿದ್ದಾಗ ಅಮ್ಮನಿಗೆ ಬರೆದ ಇನ್‌ಲ್ಯಾಂಡ್ ಪತ್ರಗಳು ಒಂದು ಟ್ರಂಕಿನಲ್ಲಿವೆ. ಇಬ್ಬರೂ ಈಗಿಲ್ಲ. ಆ ಪತ್ರಗಳನ್ನು ಜರ್ನಲ್‌ನಲ್ಲಿ ಅಂಟಿಸಿ ಪುಟ ಮಾಡಬೇಕೆಂದು ಆಸೆ. ಕತ್ತರಿ ಹಿಡಿದರೆ ಕೈ ಬರುವುದಿಲ್ಲ. ಏನು ಮಾಡಲಿ?
— ಕುಂದಾಪುರದ ಓದುಗರು

ಕೈ ಬರದೇ ಇದ್ದದ್ದು ಒಳ್ಳೆಯದಾಯಿತು. ಮೂಲ ಪತ್ರಕ್ಕೆ ಕತ್ತರಿಯೂ ಬೇಡ, ಗೋಂದೂ ಬೇಡ.

ಕಾರಣ ಭಾವನೆಯದು ಮಾತ್ರವಲ್ಲ. ಇನ್‌ಲ್ಯಾಂಡ್ ಕಾಗದ ತೆಳು, ಹತ್ತಾರು ವರ್ಷ ಮಡಿಚಿಟ್ಟಿದ್ದರೆ ಮಡಿಕೆಯ ಗೆರೆಯಲ್ಲೇ ಬಿರುಕು ಬಿಟ್ಟಿರುತ್ತದೆ. ನಿಮ್ಮ ತಂದೆ ಇಂಕ್ ಪೆನ್ನಿನಲ್ಲಿ ಬರೆದಿದ್ದರೆ ಆ ನೀಲಿ ಇಂಕು ನೀರಿಗೆ ಕರಗುವ ಜಾತಿಯದು. ಫೆವಿಕಾಲ್ ಆಗಲಿ, ಅಕ್ರಿಲಿಕ್ ಮೀಡಿಯಂ (ಗೋಂದಿನಂತೆಯೂ ಬಳಸುವ, ಬಣ್ಣವಿಲ್ಲದ ಅಕ್ರಿಲಿಕ್) ಆಗಲಿ, ಎರಡರಲ್ಲೂ ನೀರಿದೆ. ಬ್ರಷ್ ಒಮ್ಮೆ ಆಡಿಸಿದರೆ ಸಾಕು, ಅಕ್ಷರ ಹರಡಿಕೊಂಡು ನೀಲಿ ಮೋಡವಾಗುತ್ತದೆ. ಒಮ್ಮೆ ಅಂಟಿಸಿದ ಮೇಲೆ ಹಿಂಬದಿಯ ಬರಹ ನಿಮಗೆ ಮತ್ತೆ ಸಿಗುವುದಿಲ್ಲ. ಇನ್‌ಲ್ಯಾಂಡಿನಲ್ಲಿ ಜಾಗ ಸಾಲದೆ ಮಡಿಕೆಯ ಅಂಚಿನಲ್ಲಿ, ವಿಳಾಸದ ಪಕ್ಕದಲ್ಲಿ ಬರೆಯುತ್ತಿದ್ದರಲ್ಲ, ನಿಜವಾದ ಮಾತು ಎಷ್ಟೋ ಸಲ ಅಲ್ಲೇ ಇರುತ್ತದೆ.

ಹೀಗೆ ಮಾಡಿ. ಪತ್ರಗಳನ್ನು ಜೆರಾಕ್ಸ್ ಅಂಗಡಿಗೆ ನೀವೇ ಒಯ್ಯಿರಿ. ಗಾಜಿನ ಮೇಲೆ ನೀವೇ ಬಿಡಿಸಿ ಇಡಿ, ಕಾಗದ ಎಳೆದುಕೊಳ್ಳುವ ಫೀಡರ್‌ಗೆ ಹಾಕಲು ಬಿಡಬೇಡಿ. ಕಲರ್ ಪ್ರತಿ ಬೇಕಿದ್ದರೆ ಲೇಸರ್ ಪ್ರಿಂಟರ್ ಇರುವ ಕಡೆ ಕೇಳಿ. ಲೇಸರ್ ಮತ್ತು ಜೆರಾಕ್ಸ್‌ನಲ್ಲಿ ಬಣ್ಣದ ಪುಡಿಯನ್ನು ಶಾಖದಿಂದ ಕಾಗದಕ್ಕೆ ಕರಗಿಸಿ ಕೂರಿಸುತ್ತಾರೆ, ಅದು ನೀರಿಗೆ ಅಲ್ಲಾಡುವುದಿಲ್ಲ. ಮನೆಯ ಇಂಕ್‌ಜೆಟ್ ಪ್ರಿಂಟಿನ ಬಣ್ಣ ಸಾಮಾನ್ಯವಾಗಿ ಗೋಂದಿನ ತೇವಕ್ಕೇ ಬಿಟ್ಟುಕೊಳ್ಳುತ್ತದೆ. ಪ್ರತಿ ಕೈಗೆ ಬಂದ ಮೇಲೆ ಧಾರಾಳವಾಗಿ ಹರಿಯಿರಿ. ಕತ್ತರಿಗಿಂತ ಕೈಯಲ್ಲಿ ಹರಿದ ಅಂಚು ಕೆಳಗಿನ ಪದರದೊಂದಿಗೆ ಚೆನ್ನಾಗಿ ಬೆರೆಯುತ್ತದೆ. ನಿಮ್ಮ ಕಡೆಗೆ ಎಳೆದು ಹರಿದರೆ ಒಂದು ತುಂಡಿಗೆ ಬಿಳಿ ಅಂಚು ಬರುತ್ತದೆ, ಇನ್ನೊಂದಕ್ಕೆ ಬರುವುದಿಲ್ಲ. ಯಾವುದು ಬೇಕೋ ಆರಿಸಿಕೊಳ್ಳಿ.

ಮೂಲ ಪತ್ರವೂ ಜರ್ನಲ್‌ನಲ್ಲೇ ಇರಲಿ ಎಂದು ಅನಿಸಿದರೆ ಪುಟದ ಮೇಲೆ ಒಂದು ಜೇಬು ಮಾಡಿ. ದಪ್ಪ ಕಾಗದವನ್ನು ಮೂರು ಕಡೆ ಅಂಟಿಸಿ, ಮೇಲ್ಭಾಗ ತೆರೆದಿಡಿ. ಗೋಂದು ಪೂರ್ತಿ ಒಣಗಿದ ಮೇಲೆ ಒಂದೇ ಒಂದು ಪತ್ರ ಅದರೊಳಗೆ ಇರಲಿ. ಹೊರಗೆ ಜೆರಾಕ್ಸಿನ ಚೂರು, ನಿಮ್ಮ ಬಣ್ಣ, ಅಮ್ಮನ ಸೀರೆಯ ಅಂಚು. ಒಳಗೆ ತಂದೆಯ ಕೈಬರಹ ಹಾಗೇ. ನಿಮ್ಮ ಮಕ್ಕಳು ಮುಂದೆ ಅದನ್ನು ತೆಗೆದು ಓದಬಹುದು.

ಇನ್ನೊಂದು ಮಾತು ನಿಮಗೆ ಮಾತ್ರವಲ್ಲ, ಎಲ್ಲರಿಗೂ. ಪುಟದ ಮೂಲೆಯಲ್ಲೋ ಹಿಂಬದಿಯಲ್ಲೋ ಯಾವ ಚೂರು ಎಲ್ಲಿಂದ ಬಂತು ಎಂದು ಒಂದು ಸಾಲು ಬರೆದಿಡಿ. 'ಅಪ್ಪನ ಪತ್ರ, ಮಾಟುಂಗದಿಂದ. ಅಂಚು: ಅಮ್ಮನ ನೀಲಿ ಇಳಕಲ್.' ಪೆನ್ಸಿಲ್ ಆದರೂ ಸರಿ, ಅದು ಮಾಸುವುದಿಲ್ಲ. ಅಂಗಡಿಯಲ್ಲಿ ಈಗ ಹಳೆಯ ಕಾಗದದ ಹಾಗೆ ಮುದ್ರಿಸಿದ ಕೊಲಾಜ್ ಪ್ಯಾಕೆಟ್‌ಗಳು ಸಿಗುತ್ತವೆ, ಯಾರೋ ಯಾರಿಗೋ ಬರೆದ ಫ್ರೆಂಚ್ ಪತ್ರ, ಯಾವುದೋ ದೇಶದ ಸ್ಟಾಂಪು. ನೋಡಲು ಚೆಂದ, ಆದರೆ ಅದರ ಬಗ್ಗೆ ಬರೆಯಲು ನಿಮ್ಮ ಹತ್ತಿರ ಒಂದು ಸಾಲೂ ಇರುವುದಿಲ್ಲ. ನನ್ನ ಮಟ್ಟಿಗೆ ಜರ್ನಲ್ ಕೊಲಾಜ್ ಅನ್ನುವುದು ಆ ಒಂದು ಸಾಲು ಬರೆಯಬಲ್ಲ ಕಾಗದದಿಂದಲೇ ಆಗಬೇಕು.

ಬೇಕಾದಷ್ಟು ಅಂಟಿಸುತ್ತೇನೆ ಮೇಡಂ, ಕೊನೆಗೆ ನೋಡಿದರೆ ರದ್ದಿ ಅಂಗಡಿಯ ಹಾಗೆ ಕಾಣುತ್ತದೆ. ಬೇರೆಯವರ ಪುಟ ಹೇಗೆ ಅಷ್ಟು ಅಚ್ಚುಕಟ್ಟು?
— ಬ್ಯಾಂಕ್ ಉದ್ಯೋಗಿ, ಹಾಸನ

ನೀವು ಕಳಿಸಿದ ಫೋಟೋ ನೋಡಿದೆ. ಚೂರುಗಳು ಚೆನ್ನಾಗಿವೆ. ಎಲ್ಲವೂ ಅಂಗೈಯಷ್ಟೇ ದೊಡ್ಡವು, ಎಲ್ಲವೂ ಗಾಢ ಬಣ್ಣದವು, ಎಲ್ಲದರ ಮೇಲೂ ಅಕ್ಷರಗಳಿವೆ. ಹಾಗಾಗಿ ಕಣ್ಣು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಅಲೆಯುತ್ತದೆ.

ಅಂಟಿಸುವ ಮುನ್ನ ಗೋಂದಿನ ಡಬ್ಬಿ ಮುಚ್ಚಿಟ್ಟು, ಚೂರುಗಳನ್ನು ಪುಟದ ಮೇಲೆ ಸುಮ್ಮನೆ ಹರಡಿ. ಒಂದು ದೊಡ್ಡದು, ಎರಡು ಮಧ್ಯಮ, ಉಳಿದವು ಉಗುರಿನಷ್ಟು. ದೊಡ್ಡದು ನಟ್ಟನಡುವೆ ಬೇಡ, ತುಸು ಪಕ್ಕಕ್ಕಿರಲಿ. ಮೊಬೈಲಿನಲ್ಲಿ ಫೋಟೋ ತೆಗೆದು ಅದನ್ನು ಕಪ್ಪು-ಬಿಳುಪಿಗೆ ಬದಲಿಸಿ ನೋಡಿ. ಎಲ್ಲವೂ ಒಂದೇ ಬೂದಿಯಾಗಿ ಕಂಡರೆ ಪುಟದಲ್ಲಿ ಕತ್ತಲು-ಬೆಳಕಿನ ವ್ಯತ್ಯಾಸ ಇಲ್ಲ ಎಂದರ್ಥ. ಬಣ್ಣ ಎಷ್ಟಿದ್ದರೂ ಅದು ಸಪ್ಪೆಯಾಗಿಯೇ ಕಾಣುತ್ತದೆ. ಆಗ ಒಂದು ಚೂರು ತೆಗೆದು ತೀರಾ ತಿಳಿಯಾದದ್ದನ್ನೋ ಕಡುಗಪ್ಪನ್ನೋ ಇಡಿ.

ಈಗಾಗಲೇ ಅಂಟಿಸಿದ ಪುಟವನ್ನೂ ಉಳಿಸಬಹುದು. ಬಿಳಿ ಅಕ್ರಿಲಿಕ್‌ಗೆ ನೀರು ಬೆರೆಸಿ ಮಜ್ಜಿಗೆಯಷ್ಟು ತೆಳು ಮಾಡಿ ಮೇಲೆ ಬಳಿದು, ತಕ್ಷಣ ಹಳೆ ಬಟ್ಟೆಯಲ್ಲಿ ಅಲ್ಲಲ್ಲಿ ಒರೆಸಿ. ಗದ್ದಲ ಮಾಡುವ ಚೂರುಗಳು ಹಿಂದೆ ಸರಿಯುತ್ತವೆ. ಬೇಕಾದ ಒಂದನ್ನು ಮಾತ್ರ ಬಳಿಯದೆ ಬಿಡಿ.

ರದ್ದಿಯಿಂದ ಚಿತ್ರ ಮಾಡಿದವರಲ್ಲಿ ನನಗೆ ತುಂಬ ಇಷ್ಟವಾದವರು ಜರ್ಮನಿಯ ಹ್ಯಾನೋವರ್ ಊರಿನ ಕುರ್ಟ್ ಶ್ವಿಟರ್ಸ್. ಮೊದಲ ಮಹಾಯುದ್ಧ ಮುಗಿದ ಮೇಲೆ ಟ್ರಾಮ್ ಟಿಕೆಟ್, ಹರಿದ ಪೋಸ್ಟರ್, ಪೊಟ್ಟಣದ ಕಾಗದ ಇಂಥವನ್ನೇ ಆಯ್ದು ಅಂಟಿಸಿದರು. ಅವರ ಚಿಕ್ಕ ಕೊಲಾಜ್‌ಗಳನ್ನು ಮುದ್ರಿತ ಚಿತ್ರದಲ್ಲಾದರೂ ಒಮ್ಮೆ ನೋಡಿ. ಕಸದಿಂದ ಬಂದ ಒಂದೊಂದು ಚೀಟಿಯೂ ಪಕ್ಕದ ಚೀಟಿಯ ಅಂಚನ್ನು ಹೇಗೆ ಮುಟ್ಟುತ್ತದೆ, ಎಲ್ಲಿ ಓರೆಯಾಗುತ್ತದೆ ಎನ್ನುವುದನ್ನು ಅವರು ಎಷ್ಟು ಯೋಚಿಸಿದ್ದಾರೆ ಎಂದು ಕಾಣುತ್ತದೆ. ಅಚ್ಚುಕಟ್ಟು ಬರುವುದು ಆ ಜೋಡಣೆಯಿಂದ, ಕಾಗದದ ಬೆಲೆಯಿಂದಲ್ಲ.

ಅಂಟಿಸಿದ ಕಾಗದ ಗುಳ್ಳೆ ಏಳುತ್ತದೆ, ಪುಟ ಹಪ್ಪಳದಂತೆ ಡೊಂಕಾಗುತ್ತದೆ, ಪುಸ್ತಕ ಮುಚ್ಚಲು ಬರುವುದಿಲ್ಲ.
— ಬೆಂಗಳೂರಿನ ಇಬ್ಬರು, ಮಂಡ್ಯದ ಒಬ್ಬರು

ಮೂರೂ ತೊಂದರೆಗಳ ಬೇರು ನೀರು. ತೇವ ತಗುಲಿದ ಕಾಗದ ಹಿಗ್ಗುತ್ತದೆ, ಅದೂ ಎರಡು ದಿಕ್ಕಿಗೆ ಒಂದೇ ಸಮ ಹಿಗ್ಗುವುದಿಲ್ಲ. ಬಟ್ಟೆಗೆ ಇರುವಂತೆ ಯಂತ್ರದಲ್ಲಿ ತಯಾರಾದ ಕಾಗದಕ್ಕೂ ಎಳೆ ಇದೆ. ಎಳೆಯ ಉದ್ದಕ್ಕೆ ಹಿಗ್ಗುವುದು ಕಡಿಮೆ, ಅಡ್ಡಕ್ಕೆ ಹೆಚ್ಚು. ತಿಳಿಯುವುದು ಸುಲಭ: ಎಳೆಗುಂಟ ಹರಿದರೆ ಕಾಗದ ನೇರ ಹರಿಯುತ್ತದೆ, ಅಡ್ಡ ಹರಿದರೆ ಎಲ್ಲೆಲ್ಲಿಗೋ ಹೋಗುತ್ತದೆ. ರಟ್ಟು ಕಟ್ಟುವವರು ಎಳೆ ಯಾವಾಗಲೂ ಪುಸ್ತಕದ ಬೆನ್ನಿಗೆ ಸಮಾನಾಂತರ ಬರುವಂತೆ ನೋಡಿಕೊಳ್ಳುತ್ತಾರೆ. ನಮ್ಮಪ್ಪ ಹೊಸ ಕಾಗದದ ರೀಮು ಬಂದರೆ ಮೊದಲು ಮಾಡುತ್ತಿದ್ದ ಕೆಲಸ ಒಂದು ಮೂಲೆ ಹರಿದು ನೋಡುವುದೇ. ನೀವು ದೊಡ್ಡ ಹಾಳೆ ಅಂಟಿಸುವಾಗಲೂ ಹಾಗೇ ಮಾಡಿ.

ಗೋಂದು ಹಾಲಿನ ಕೆನೆಯಷ್ಟು ತೆಳುವಾಗಿರಲಿ. ಪುಟಕ್ಕೂ ಹಚ್ಚಿ, ಚೂರಿನ ಹಿಂಬದಿಗೂ ಹಚ್ಚಿ. ಅರ್ಧ ನಿಮಿಷ ಬಿಟ್ಟು, ಕಾಗದ ಹಿಗ್ಗಿ ಮುಗಿದ ಮೇಲೆ ಕೂರಿಸಿ. ಅವಧಿ ಮುಗಿದ ಎಟಿಎಂ ಕಾರ್ಡಿನಿಂದ ನಡುವಿನಿಂದ ಅಂಚಿಗೆ ಒತ್ತುತ್ತಾ ಗಾಳಿ ಹೊರಹಾಕಿ. ಆಮೇಲೆ ಎರಡೂ ಕಡೆ ಬಟರ್ ಪೇಪರ್ ಇಟ್ಟು, ಪುಸ್ತಕ ಮುಚ್ಚಿ, ಮೇಲೆ ಭಾರ ಹೇರಿ ರಾತ್ರಿಯಿಡೀ ಬಿಡಿ. ಒಂದು ಮಗ್ಗುಲಿಗೆ ದಪ್ಪ ಕಾಗದ ಅಂಟಿಸಿದ್ದರೆ ಅದೇ ಹಾಳೆಯ ಹಿಂಬದಿಗೂ ಅಷ್ಟೇ ಒಂದು ಅಂಟಿಸಿ, ಎರಡು ಕಡೆಯ ಎಳೆತ ಸಮವಾಗಿ ಹಾಳೆ ನೇರ ನಿಲ್ಲುತ್ತದೆ.

ನೋಟ್‌ಬುಕ್ಕಿನ 70 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ಗ್ರಾಂ ತೂಕ) ಹಾಳೆ ಇಷ್ಟೆಲ್ಲ ತಾಳುವುದಿಲ್ಲ. ಎರಡು ಹಾಳೆ ಸೇರಿಸಿ ಅಂಟಿಸಿ ಒಂದು ಮಾಡಿಕೊಳ್ಳಿ, ಇಲ್ಲವೇ 300 ಜಿಎಸ್‌ಎಂ ವಾಟರ್‌ಕಲರ್ ಹಾಳೆಯ ಪುಸ್ತಕ ಕೊಳ್ಳಿ. ಪುಸ್ತಕ ಉಬ್ಬದಿರಲು ನಡುನಡುವೆ ಹಾಳೆ ತೆಗೆಯಬೇಕು. ಹೊಲಿಗೆ ಹಾಕಿದ ಪುಸ್ತಕದಲ್ಲಿ ಹಾಳೆಯನ್ನು ಬುಡದಿಂದ ಕಿತ್ತರೆ ಅದರ ಜೋಡಿ ಹಾಳೆ ಇನ್ನೊಂದು ಕಡೆ ಸಡಿಲವಾಗಿ ಬೀಳುತ್ತದೆ. ಬೆನ್ನಿನ ಹತ್ತಿರ ಹೆಬ್ಬೆರಳಿನಗಲ ಬಿಟ್ಟು ಕತ್ತರಿಸಿ. ಆ ಉಳಿದ ಪಟ್ಟಿಯೇ ನೀವು ಅಂಟಿಸಿದ ದಪ್ಪಕ್ಕೆ ಜಾಗ ಮಾಡಿಕೊಡುತ್ತದೆ.

ನಮ್ಮಲ್ಲಿ ಜೂನ್‌ನಿಂದ ಮಳೆ. ಹೋದ ವರ್ಷದ ಜರ್ನಲ್ ತೆರೆದರೆ ಬೂಷ್ಟು, ಪುಟಕ್ಕೆ ಪುಟ ಅಂಟಿಕೊಂಡಿದೆ, ಹುಳು ಬೇರೆ. ಮಲೆನಾಡಿನವರು ಇದನ್ನೆಲ್ಲ ಮಾಡಲೇಬಾರದೇ ಅಕ್ಕಾ?
— ತೀರ್ಥಹಳ್ಳಿಯ ಓದುಗರು

ಖಂಡಿತ ಮಾಡಬೇಕು. ಮೊದಲು ಹೇಳಿ, ಗೋಂದು ಯಾವುದು ಬಳಸಿದಿರಿ? ಪತ್ರದಲ್ಲಿ ಮೈದಾ ಗೋಂದು ಎಂದಿದೆ. ಅದು ಒಳ್ಳೆಯ ಗೋಂದೇ, ನಮ್ಮಪ್ಪನ ಅಂಗಡಿ ನಡೆದದ್ದೇ ಅದರಿಂದ. ಆದರೆ ಅದು ಹಿಟ್ಟು. ಬೆಳ್ಳಿಬಣ್ಣದ ಸಿಲ್ವರ್‌ಫಿಶ್ ಹುಳುವಿಗೆ ಹಿಟ್ಟೆಂದರೆ ಪ್ರಾಣ, ಬೂಷ್ಟಿಗೂ ಅದೇ ಊಟ. ರಟ್ಟು ಕಟ್ಟುವವರು ಅದಕ್ಕೇ ಮೈಲುತುತ್ತ ಬೆರೆಸುತ್ತಿದ್ದರು. ಅದು ವಿಷ. ಅಡುಗೆಮನೆಯ ಪಾತ್ರೆಯಲ್ಲಿ, ಮಕ್ಕಳಿರುವ ಮನೆಯಲ್ಲಿ ಅದರ ಸಹವಾಸ ಬೇಡ. ನಿಮ್ಮ ಊರಿಗೆ ಬಿಳಿ ಪಿವಿಎ ಗೋಂದು, ಅಂದರೆ ಫೆವಿಕಾಲ್ ಜಾತಿಯದು, ಇಲ್ಲವೇ ಅಕ್ರಿಲಿಕ್ ಮ್ಯಾಟ್ ಮೀಡಿಯಂ ಸರಿ. ಇವು ಹುಳುವಿನ ಊಟವಲ್ಲ.

ಪುಟ ಅಂಟಿಕೊಳ್ಳುವುದು ಬೇರೆಯೇ ಕಥೆ. ಅಕ್ರಿಲಿಕ್ ಒಣಗಿದರೆ ಪ್ಲಾಸ್ಟಿಕ್ಕಿನ ತೆಳು ಪರೆಯಾಗುತ್ತದೆ, ಸೆಕೆಗೆ ಆ ಪರೆ ಮೆತ್ತಗಾಗಿ ಎದುರಿನ ಪರೆಯನ್ನು ಹಿಡಿಯುತ್ತದೆ. ಹೊಳಪಿನ ಮೀಡಿಯಂ ಹೆಚ್ಚು ಹಿಡಿಯುತ್ತದೆ, ಮ್ಯಾಟ್ ಕಡಿಮೆ. ಪುಟ ಮುಗಿದ ಮೇಲೆ ಕೆಲವು ದಿನ ತೆರೆದೇ ಬಿಡಿ. ಆಮೇಲೆ ಬಿಳಿ ಮೇಣದಬತ್ತಿಯನ್ನು ಪುಟದ ಮೇಲೆ ಹಗುರಾಗಿ ಉಜ್ಜಿ ಹತ್ತಿಬಟ್ಟೆಯಲ್ಲಿ ತಿಕ್ಕಿ, ನಡುವೆ ಬಟರ್ ಪೇಪರ್ ಹಾಕಿ. ಪುಸ್ತಕಗಳನ್ನು ಒಂದರ ಮೇಲೊಂದು ಪೇರಿಸಬೇಡಿ, ನಿಲ್ಲಿಸಿಡಿ.

ಬೂಷ್ಟಿಗೆ ಕಾರಣ ಗಾಳಿಯ ತೇವ. ಅದು ನೂರಕ್ಕೆ 65–70 ದಾಟಿ ಹಾಗೇ ನಿಂತರೆ ಬೂಷ್ಟು ಹಬ್ಬುತ್ತದೆ, ಮಲೆನಾಡಿನ ಜುಲೈ ತಿಂಗಳು ಪೂರ್ತಿ ಅದಕ್ಕಿಂತ ಮೇಲೆ. ಆದ್ದರಿಂದ ಜರ್ನಲ್ ಹೊರಗೋಡೆಗೆ ತಾಗಿದ ಕಪಾಟಿನಲ್ಲಿ ಬೇಡ, ನೆಲದ ಮೇಲಂತೂ ಬೇಡ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆ ನಿಜ, ಆದರೆ ಹೊಗೆಯ ಜಿಡ್ಡು ಪುಟಕ್ಕೆ ಕೂರುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡಿ. ಡಬ್ಬಿಗೆ ಹಾಕುವ ದಿನ ಪುಸ್ತಕ ಒಣಗಿರಲೇಬೇಕು, ತೇವದ ಪುಸ್ತಕವನ್ನು ಡಬ್ಬಿಗೆ ಹಾಕಿದರೆ ಬೂಷ್ಟಿಗೆ ಮನೆ ಕಟ್ಟಿಕೊಟ್ಟಂತೆ. ನುಸಿಗುಳಿಗೆ ಹುಳುವಿಗಷ್ಟೇ, ತೇವಕ್ಕೆ ಅದರಿಂದ ಏನೂ ಆಗದು.

ಈಗ ಹಿಡಿದಿರುವ ಬೂಷ್ಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಇನ್ನಷ್ಟು ಮೆತ್ತುತ್ತದೆ. ಪುಸ್ತಕವನ್ನು ಬೀಸಣಿಗೆಯಂತೆ ತೆರೆದು ನಿಲ್ಲಿಸಿ ನೆರಳಿನಲ್ಲಿ ಒಣಗಿಸಿ. ಪೂರ್ತಿ ಒಣಗಿದ ಮೇಲೆ ಮನೆಯಿಂದ ಹೊರಗೆ ಒಯ್ದು, ಮೂಗು-ಬಾಯಿಗೆ ಮಾಸ್ಕ್ ಹಾಕಿಕೊಂಡು, ಮೆತ್ತನೆ ಬ್ರಷ್‌ನಿಂದ ಝಾಡಿಸಿ.

ಗೆಸ್ಸೋ ಡಬ್ಬಿಯ ಬೆಲೆ ಕೇಳಿ ಹಿಂದೆ ಬಂದೆ. ಅದು ಬೇಕೇ ಬೇಕೇ?
— ಕಲಾಶಾಲೆಯ ವಿದ್ಯಾರ್ಥಿ, ಕಲಬುರಗಿ

ಬೇಡ. ಬಣ್ಣಕ್ಕೆ ಹಿಡಿತ ಸಿಗಲೆಂದು ಪುಟಕ್ಕೆ ಮೊದಲು ಬಳಿಯುವ ಬಿಳಿ ಲೇಪ ಅದು, ಮನೆಯಲ್ಲೇ ಮಾಡಿಕೊಳ್ಳಿ: ಬಿಳಿ ಅಕ್ರಿಲಿಕ್ ಬಣ್ಣ, ಸ್ವಲ್ಪ ಫೆವಿಕಾಲ್, ನುಣ್ಣಗೆ ಜರಡಿ ಹಿಡಿದ ಸೀಮೆಸುಣ್ಣದ ಪುಡಿ, ಹದಕ್ಕೆ ನೀರು. ತೆಳುವಾಗಿ ಎರಡು ಸಲ ಬಳಿಯಿರಿ, ಮೊದಲನೆಯದು ಅಡ್ಡಕ್ಕೆ, ಎರಡನೆಯದು ಉದ್ದಕ್ಕೆ. ಬಣ್ಣ, ಪೆನ್ಸಿಲ್ ಎರಡಕ್ಕೂ ಹಿಡಿತ ಸಿಗುತ್ತದೆ. ಮಾಡಿದ್ದನ್ನು ಅಂದೇ ಬಳಸಿ. ಗೆಸ್ಸೋ ಎಂಬ ಮಾತು ನಮ್ಮ ಕಡೆಗೆ ಹೊಸದಲ್ಲ. ಮೈಸೂರು ಶೈಲಿಯ ಚಿತ್ರಗಳಲ್ಲಿ ದೇವರ ಕಿರೀಟ, ಒಡವೆ ತುಸು ಉಬ್ಬಿ ಅದರ ಮೇಲೆ ಚಿನ್ನದ ರೇಕು ಇರುತ್ತದಲ್ಲ, ಆ ಉಬ್ಬಿನ ಕೆಲಸಕ್ಕೂ ಗೆಸ್ಸೋ ಎಂದೇ ಹೇಳುತ್ತಾರೆ. ತಂಜಾವೂರಿನದಕ್ಕಿಂತ ನಮ್ಮದು ತಗ್ಗು, ನಯ. ನಿಮ್ಮ ಮಿಶ್ರಣಕ್ಕೆ ಪುಡಿ ಹೆಚ್ಚು ಹಾಕಿ ಗಟ್ಟಿ ಮಾಡಿದರೆ ರಂಗೋಲಿ ಜಾಲರಿಯ ಮೂಲಕ ಪುಟದ ಮೇಲೆ ಉಬ್ಬಿದ ಚಿತ್ತಾರ ತೆಗೆಯಬಹುದು. ಜಾಲರಿಯನ್ನು ತಕ್ಷಣ ತೊಳೆಯಿರಿ.

ಕ್ರೇಯಾನ್, ಆಯಿಲ್ ಪೇಸ್ಟಲ್ ಇದ್ದ ಜಾಗಕ್ಕೆ ಆಮೇಲೆ ಗೋಂದು ಹಿಡಿಯುವುದಿಲ್ಲ. ಅವು ಕೊನೆಯ ಪದರದಲ್ಲಿರಲಿ.

ಮದುವೆ ಕರೆಯೋಲೆಗಳು ರಾಶಿ ಇವೆ. ಎಸೆಯಲು ಮನಸ್ಸಿಲ್ಲ, ಗಣಪತಿ ಇದ್ದಾನೆ. ಕತ್ತರಿಸಿ ಅಂಟಿಸಿದರೆ ಅಪಚಾರವೇ?
— ಗೃಹಿಣಿ, ತುಮಕೂರು

ಶಾಸ್ತ್ರ ಹೇಳುವ ಅಧಿಕಾರ ನನಗಿಲ್ಲ, ನಾನು ಮಾಡುವುದನ್ನು ಹೇಳುತ್ತೇನೆ. ದೇವರ ರೂಪದ ಮೇಲೆ ಕತ್ತರಿ ಓಡಿಸುವುದಿಲ್ಲ, ಸುತ್ತ ಬಿಡಿಸಿಕೊಳ್ಳುತ್ತೇನೆ. ಅಂಟಿಸಿದರೆ ಪುಟದ ಮೇಲ್ಭಾಗದಲ್ಲಿ ಪೂರ್ತಿಯಾಗಿ, ಅದರ ಮೇಲೆ ಬೇರೆ ಪದರ ಬಾರದಂತೆ. ಕರೆಯೋಲೆಯಲ್ಲಿ ಬೇರೆ ಸಂಪತ್ತು ಬೇಕಾದಷ್ಟಿದೆ: ಮಾವಿನಕಾಯಿ ಅಂಚು, ಚಿನ್ನದ ಬಣ್ಣದ ಹಾಳೆ, 'ತಮ್ಮ ಆಗಮನಾಭಿಲಾಷಿಗಳು' ಎಂಬ ಸಾಲು, ಕೆಳಗೆ ಮನೆಮಂದಿಯ ಹೆಸರುಗಳ ಪಟ್ಟಿ. ಆ ಪಟ್ಟಿ ಬಿಸಾಡಬೇಡಿ, ಒಂದು ಕುಟುಂಬದ ಮೂರು ತಲೆಮಾರು ಒಂದೇ ಕಡೆ ಅಚ್ಚಾಗುವುದು ಇನ್ನೆಲ್ಲಿ? ಹೊಳಪಿನ ಲ್ಯಾಮಿನೇಷನ್ ಇದ್ದರೆ ಹಿಂಬದಿಗೆ ಮರಳು ಕಾಗದ ಹಗುರಾಗಿ ಉಜ್ಜಿ ಅಂಟಿಸಿ, ಆಗ ಹಿಡಿಯುತ್ತದೆ. ಮೂಲೆಗೆ ಹಚ್ಚಿದ ಅರಿಸಿನ ಮಾತ್ರ ಬೆಳಕಿಗೆ ಬಿಳಿಚುತ್ತದೆ. ಅದರ ಬಣ್ಣ ನಂಬಿ ಪುಟ ಕಟ್ಟಬೇಡಿ.

ನನಗೆ 71. ಕೈ ನಡುಗುತ್ತದೆ, ಒಂದು ಕಣ್ಣು ಮಂಜು. ಇದನ್ನೆಲ್ಲ ಈಗ ಶುರು ಮಾಡುವುದು ಹುಚ್ಚೇನೋ ಎಂದು ಸೊಸೆಯೂ ನಗುತ್ತಾಳೆ.
— ನಿವೃತ್ತ ಶಿಕ್ಷಕಿ, ಧಾರವಾಡ

ಅಮ್ಮಾ, ಇಂಗ್ಲೆಂಡಿನಲ್ಲಿ ಮೇರಿ ಡೆಲನಿ ಎಂಬಾಕೆ ಇದ್ದರು. ಕಾಗದದ ಸಣ್ಣ ಸಣ್ಣ ಚೂರುಗಳನ್ನು ಕತ್ತರಿಸಿ, ಕಪ್ಪು ಹಿನ್ನೆಲೆಯ ಮೇಲೆ ಅಂಟಿಸಿ ಹೂಗಳನ್ನು ಮಾಡಲು ಆಕೆ ಶುರು ಮಾಡಿದ್ದು 72ರ ವಯಸ್ಸಿನ ಹೊತ್ತಿಗೆ. ಕಣ್ಣು ಪೂರ್ತಿ ಕೈಕೊಡುವವರೆಗೆ, ಹತ್ತು ವರ್ಷ, ಹೆಚ್ಚುಕಡಿಮೆ ಸಾವಿರ ಹೂಗಳು. ಅವು ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಶಾಂತಿನಿಕೇತನದ ಚಿತ್ರಕಾರ ಬಿನೋದ್ ಬಿಹಾರಿ ಮುಖರ್ಜಿ ಅವರಿಗೆ 1950ರ ದಶಕದಲ್ಲಿ ಪೂರ್ತಿ ದೃಷ್ಟಿ ಹೋಯಿತು. ಆಮೇಲೂ ಅವರು ಬಣ್ಣದ ಕಾಗದ ಕತ್ತರಿಸಿ ಅಂಟಿಸಿ ಚಿತ್ರ ಮಾಡಿದರು. ಬೆರಳಿಗೆ ಅಂಚು ಸಿಗುತ್ತದಲ್ಲ, ಕಾಗದಕ್ಕಿರುವ ಅನುಕೂಲ ಅದು. ಕುಂಚದ ಗೆರೆ ಬೆರಳಿಗೆ ಸಿಗುವುದಿಲ್ಲ.

ನೀವು ಕತ್ತರಿ ಬಿಡಿ, ಹರಿಯಿರಿ. ನಡುಗುವ ಕೈಯಲ್ಲಿ ಹರಿದ ಅಂಚು ಬೆಟ್ಟದ ಸಾಲಿಗೆ, ಮೋಡಕ್ಕೆ, ಕೆರೆಯ ದಡಕ್ಕೆ ಹೇಳಿ ಮಾಡಿಸಿದ ಹಾಗಿರುತ್ತದೆ. ಗೋಂದಿಗೆ ಅಗಲ ಬ್ರಷ್, ಪುಟ ಜಾರದಿರಲು ಕೆಳಗೆ ಒದ್ದೆ ಟವೆಲ್, ಅದರ ಮೇಲೊಂದು ರಟ್ಟು. ಎಡಗಡೆ ಕಿಟಕಿಯ ಬೆಳಕು. ಗೋಂದು ಒಣಗುವ ಮೊದಲು ಎರಡು ನಿಮಿಷ ಚೂರನ್ನು ಸರಿಸಬಹುದು, ಅವಸರ ಬೇಡ. ನಿಮ್ಮ ಶಾಲೆಯ ಹಳೆಯ ಹಾಜರಿ ಪುಸ್ತಕದ ಖಾಲಿ ಹಾಳೆ, ಪ್ರಶ್ನೆಪತ್ರಿಕೆ ಏನಾದರೂ ಮನೆಯಲ್ಲಿದ್ದರೆ ಮೊದಲ ಪುಟ ಅದರಿಂದಲೇ ಆಗಲಿ. ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವಳಿಂದಲೂ ಒಂದು ಚೂರು ಹರಿಸಿ.

ನಾಲ್ಕನೇ ಕ್ಲಾಸಿನ ಮಗಳಿಗೂ ಇದನ್ನು ಕಲಿಸಬಹುದೇ?
— ಚಿತ್ರದುರ್ಗ

ಧಾರಾಳವಾಗಿ. ಅವಳಿಗೆ ಮೈದಾ ಗೋಂದೇ ಸಾಕು: ಒಂದು ಚಮಚ ಮೈದಾಗೆ ಐದು ಚಮಚ ನೀರು, ಸಣ್ಣ ಉರಿಯಲ್ಲಿ ಪಾರದರ್ಶಕವಾಗುವವರೆಗೆ ತಿರುವಿ. ನೀವು ಪಕ್ಕದಲ್ಲಿ ಕೂತು ಬೇರೆ ಪುಟ ಮಾಡಿ, ಅವಳ ಪುಟ ತಿದ್ದಬೇಡಿ.

ಬಸ್ ಟಿಕೆಟ್, ಸಿನಿಮಾ ಟಿಕೆಟ್, ಹೋಟೆಲ್ ಬಿಲ್ ಕೂಡಿಟ್ಟು ಅಂಟಿಸಿದ್ದೆ. ಎರಡು ವರ್ಷದಲ್ಲಿ ಬಹಳಷ್ಟು ಬರೀ ಬಿಳಿ ಚೀಟಿಯಾಗಿವೆ. ಯಾಕೆ?
— ಹುಬ್ಬಳ್ಳಿ

ಅವು ಥರ್ಮಲ್ ಕಾಗದ. ಅದಕ್ಕೆ ಇಂಕೇ ಇಲ್ಲ. ಕಾಗದದ ಮೇಲೆ ಲೇಪಿಸಿದ ರಾಸಾಯನಿಕ ಯಂತ್ರದ ಶಾಖಕ್ಕೆ ಕಪ್ಪಾಗಿ ಅಕ್ಷರ ಮೂಡುತ್ತದೆ. ಬೆಳಕು, ಪ್ಲಾಸ್ಟಿಕ್ ಕವರು, ಕೆಲವು ಗೋಂದುಗಳು ತಗುಲಿದರೆ ಆ ಕಪ್ಪು ಮತ್ತೆ ಮಾಯ. ಕಂಡಕ್ಟರ್ ತೂತು ಹೊಡೆದು ಕೊಡುತ್ತಿದ್ದ ಹಳೆಯ ಟಿಕೆಟ್ ಅಚ್ಚಿನ ಇಂಕಿನದು, ಅದಕ್ಕೇ ಇಂದಿಗೂ ಓದಲು ಬರುತ್ತದೆ. ಗುರುತಿಸಲು ಉಗುರಿನಿಂದ ಜೋರಾಗಿ ಗೀರಿ: ಕಪ್ಪು ಗೆರೆ ಮೂಡಿದರೆ ಥರ್ಮಲ್. ಅಂಥದ್ದು ಕೈಗೆ ಬಂದ ವಾರದೊಳಗೆ ಜೆರಾಕ್ಸ್ ಮಾಡಿಸಿ, ಪ್ರತಿಯನ್ನೇ ಅಂಟಿಸಿ. ಇಸ್ತ್ರಿಪೆಟ್ಟಿಗೆ, ಹೇರ್ ಡ್ರೈಯರ್ ಅದರ ಹತ್ತಿರ ತರಬೇಡಿ, ಚೀಟಿ ಪೂರ್ತಿ ಕಪ್ಪಾಗುತ್ತದೆ. ಈಗ ಬಿಳಿಯಾಗಿರುವ ಚೀಟಿಗಳನ್ನು ಕೀಳಬೇಡಿ. ಯಾವ ಊರಿಂದ ಯಾವ ಊರಿಗೆ, ಯಾರ ಜೊತೆ ಎನ್ನುವುದು ನೆನಪಿದ್ದರೆ ಅದರ ಮೇಲೇ ಪೆನ್ಸಿಲಿನಲ್ಲಿ ಬರೆಯಿರಿ.